ನಸೀಮಾ ಮೇಡಂ ಬಡಿದ ರೊಟ್ಟಿ

ನಸೀಮಾ ಮೇಡಂ ದೇಶಗಳ ಬಗ್ಗೆ ಮಾತಾಡಿದರೆ ಬೀಗರ ಮನೆಗಳ ಸುದ್ದಿ ಹೇಳಿದಂತೆ ಇರುತ್ತಿತ್ತು. ಜರ್ಮನಿಯವರಲ್ಲಿ ಹೀಗಂತೆ, ಅಮೆರಿಕದವರಲ್ಲಿ ಹಾಗಂತೆ. ಅಫಜಲಪುರದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸಿದವರು ಅವರು. ಬೇರೆ ಬೇರೆ ಸಂವಿಧಾನಗಳಲ್ಲಿ ಸಮಾನತೆಯ ಹಕ್ಕು ಹೇಗಿದೆ ಎನ್ನುವ ಪಾಠ ಬಂತೆಂದರೆ ಪುಸ್ತಕ ಮುಚ್ಚಿ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು.

"ಕಾಯ್ದೆ ಮುಂದ ಎಲ್ಲಾರೂ ಬರೋಬರಿ ಅನ್ನೋದು ಇಂಗ್ಲೆಂಡಿನವರ ಮಾತು. ಕಾಯ್ದೆದ ರಕ್ಷಣಾನೂ ಬರೋಬರಿ ಸಿಗಬೇಕು ಅನ್ನೋದು ಅಮೆರಿಕಾದವರದು. ನಮ್ಮವರು ಎರಡೂ ತಂದು ಒಂದ ಕಲಮಿನ್ಯಾಗ ಇಟ್ಟಾರ. ಜರ್ಮನಿಯವರು ಏನಂತಾರ? ಗಂಡು ಹೆಣ್ಣು ಸಮಾನ ಅಂತ ಬರದಬಿಟ್ರ ಆಗಂಗಿಲ್ಲ, ಅದು ಖರೇನ ನಡಿಯೋಹಂಗ ಸರ್ಕಾರ ನೋಡಬೇಕು ಅಂತಾರ." ಇಷ್ಟು ಹೇಳಿ ನಮ್ಮತ್ತ ತಿರುಗುವರು. "ನಿಮ್ಮ ಮನ್ಯಾಗ ಎಲ್ಲಾರಿಗೂ ರೊಟ್ಟಿ ಅದ. ಬಿಸೀದು ಯಾರಿಗದ?" ಹುಡುಗಿಯರೆಲ್ಲ ಮುಸಿಮುಸಿ ನಗುತ್ತಿದ್ದೆವು.

ಪದವಿ ಮುಗಿಯುವ ಹೊತ್ತಿಗೆ ನನಗೆ ಕಾನೂನು ಓದುವ ಹುಚ್ಚು ಹಿಡಿದಿತ್ತು. ಅಪ್ಪ ಬಸವಣ್ಣನ ಭಕ್ತ, ಊರಿಗೆಲ್ಲ ಸಮಾನತೆ ಹೇಳುವವನು. ಆದರೆ ಮಗಳು ಲಾ ಕಾಲೇಜಿಗೆಂದು ದಿನಾ ಕಲಬುರಗಿ ಬಸ್ಸು ಹತ್ತುವ ಮಾತು ಅವನಿಗೆ ಸೇರಲಿಲ್ಲ. "ನಿನಗೂ ನಿಮ್ಮಣ್ಣಗೂ ಡಿಗ್ರಿತನಕ ಬರೋಬರಿ ಓದಿಸೇನಿ. ಇನ್ನ ಸಾಕು" ಎಂದುಬಿಟ್ಟ. ನಾನು ಅಳುತ್ತ ಹೋಗಿ ಮೇಡಂಗೆ ಹೇಳಿದೆ.

ಆ ಭಾನುವಾರ ಅವರು ಮನೆಗೇ ಬಂದರು. ಅಪ್ಪ ಊಟಕ್ಕೆ ಕೂಡಿಸಿದ. ನಮ್ಮಲ್ಲಿ ಗಂಡಸರು, ಬಂದವರು ಉಣ್ಣುವಾಗ ಅವ್ವ ಒಲೆ ಬಿಟ್ಟು ಏಳುವಂತಿಲ್ಲ. ಬಿಸಿ ರೊಟ್ಟಿ ಒಂದೊಂದೇ ತಾಟಿಗೆ ಬೀಳಬೇಕು. ಕೊನೆಗೆ ಉಳಿದ ತಣ್ಣನೆಯದು ಅವಳಿಗೆ. ಮೇಡಂ ಒಂದು ರೊಟ್ಟಿ ಉಂಡವರೇ ಕೈ ತೊಳೆದುಕೊಂಡು ಒಲೆಯ ಹತ್ತಿರ ಹೋದರು.

"ಸರೀರಿ ಅಕ್ಕಾ, ನೀವು ಉಣ್ರಿ. ನಾ ಬಡೀತೇನಿ."

"ಅಯ್ಯ, ನೀವ್ಯಾಕ್ರಿ ಮೇಡಂ!"

ಅವ್ವ ಬೇಡವೆಂದರೂ ಬಿಡಲಿಲ್ಲ. ದೇಶ ದೇಶದ ಕಾಯ್ದೆ ಬಲ್ಲ ಮೇಡಂಗೆ ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ! ಒಂದು ನಡುವೆ ಹರಿಯಿತು, ಇನ್ನೊಂದು ಅಂಚಿಗೆ ಸೀದಿತು. ಅಪ್ಪನೂ ನಕ್ಕ. ಅವ್ವ ಆ ಹರಕು ರೊಟ್ಟಿಯನ್ನು ಹಬೆಯಾಡುವಾಗಲೇ ಪುಂಡಿಪಲ್ಯೆಯ ಜೊತೆ ಉಂಡಳು. ತಲೆ ಎತ್ತದೆಯೇ ಅಪ್ಪನಿಗೆ ಹೇಳಿದಳು: "ಈ ಮನೀಗಿ ಬಂದಮ್ಯಾಲ ಬಿಸಿ ರೊಟ್ಟಿ ಇವತ್ತ ಉಣ್ಣಾಕತ್ತೇನಿ. ಆಕಿ ಕಲೀಲಿ ಬಿಡ್ರಿ."

ಅಪ್ಪನ ನಗು ನಿಂತಿತು. ಮೇಡಂ ಇನ್ನೊಂದು ರೊಟ್ಟಿ ತಿರುವುತ್ತಿದ್ದರು. ಅಪ್ಪ ತಾಟು ಸರಿಸಿ ನನ್ನತ್ತ ತಿರುಗಿ, "ನಾಳಿ ಕಲಬುರಗಿಗಿ ಹೋಗಿ ಕೇಳ್ಕೊಂಡು ಬರೂಣು" ಎಂದ. ನನಗೆ ಆ ಕ್ಷಣ ಮೇಡಂ ಕಾಲಿಗೆ ಬೀಳಬೇಕೆನಿಸಿತ್ತು.

ನಾನೀಗ ಜೇವರ್ಗಿ ಕೋರ್ಟಿನಲ್ಲಿ ವಕೀಲೆ. ಮೇಡಂ ನಿವೃತ್ತರಾಗಿ ಆಳಂದಕ್ಕೆ ಹೋಗಿದ್ದರು. ಕರಿ ಕೋಟಿನಲ್ಲೇ ಅವರನ್ನು ಕಾಣಲು ಹೋದಾಗ ತಬ್ಬಿಕೊಂಡು ಕೇಳಿದರು: "ಈಗ ಬಿಸೀದು ಯಾರಿಗದ?" ಅವ್ವ ಈಗಲೂ ಕೊನೆಗೆ ಉಳಿದ ತಣ್ಣನೆಯದನ್ನೇ ಉಣ್ಣುತ್ತಾಳೆಂದು, ಕೋರ್ಟಿನಲ್ಲಿ ತಡವರಿಸದ ನಾನು ತಡವರಿಸುತ್ತ ಒಪ್ಪಿಕೊಂಡೆ. ಮನೆಗೆ ಬಂದು ಅಪ್ಪನಿಗೂ ಅದನ್ನು ಹೇಳಿದೆ.

ಹೋದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಅಪ್ಪ ಮುಂದಿನ ಭಾನುವಾರ ಅವ್ವನನ್ನು ಎಬ್ಬಿಸಿ ತಾನೇ ಒಲೆಯ ಮುಂದೆ ಕೂತ. ರೊಟ್ಟಿ ನಡುವೆ ಹರಿಯಿತು. ಅವ್ವ ಒಂದು ಬಿಸಿ ತುತ್ತು ಬಾಯಿಗಿಟ್ಟು ಹೇಳಿದಳು: "ಮೇಡಂ ರೊಟ್ಟಿಗಿಂತ ಚಲೋ ಆಗ್ಯಾದ್ರಿ."