ಹೆಣ್ಣು ನೋಡಲು ಬರುವ ಹಿಂದಿನ ದಿನ

ಆ ಕಾಲದಲ್ಲಿ ಬೇಸಿಗೆ ಬಂತೆಂದರೆ ಇಟ್ಟಮಡುವಿನ ನಮ್ಮ ಬೀದಿಯ ಎಲ್ಲ ತಾರಸಿಗಳ ಮೇಲೂ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ಬೇರೆ ಮನೆಗಳಲ್ಲಿ ಕಾಗೆ ಓಡಿಸುವ ಕೆಲಸ ಮಕ್ಕಳದ್ದು. ನಮ್ಮಲ್ಲಿ ಅದು ಜೂಲಿಯದ್ದು. ಕಂದು ಬಣ್ಣದ ಬೀದಿನಾಯಿ. ಅಪ್ಪನ ತಂಗಿ ಸುಮತ್ತೆ ಕಾಲೇಜಿಗೆ ಹೋಗುತ್ತಿದ್ದಾಗ ಬಸ್ ಸ್ಟಾಪಿನಿಂದ ದುಪಟ್ಟಾದಲ್ಲಿ ಸುತ್ತಿಕೊಂಡು ತಂದ ಮರಿಯಂತೆ. ನಾವು ಕುಂಟೆಬಿಲ್ಲೆ ಆಡುವಾಗ ಬಿಲ್ಲೆ ಕಚ್ಚಿಕೊಂಡು ಓಡುತ್ತಿತ್ತು. ಸುಮತ್ತೆ ಕರೆದರೆ ಮಾತ್ರ ಉಗುಳುತ್ತಿತ್ತು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಜೂಲಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಹಿಂಗಾಲು ಬಿದ್ದುಹೋಗಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗೋಣಿಚೀಲದ ಮೇಲೆ ಮಲಗಿರುತ್ತಿತ್ತು. ಅತ್ತೆ ಆಫೀಸಿನಿಂದ ಬಂದವಳೇ ಅದರ ತೊಡೆಯ ಹುಣ್ಣಿಗೆ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಅರಿಸಿನ, ಕೀವು, ಉಚ್ಚೆ ಸೇರಿದ ವಾಸನೆ ಅಡುಗೆಮನೆ ದಾಟಿ ನಡುಮನೆಗೆ ಬರುತ್ತಿತ್ತು.

ಅತ್ತೆಗೆ ಮೂವತ್ತು ದಾಟಿತ್ತು. ಯುಗಾದಿ ಕಳೆದ ಮೇಲೆ ಕುಮಾರಸ್ವಾಮಿ ಲೇಔಟಿನಿಂದ ಒಂದು ಕಡೆಯವರು ನೋಡಲು ಬಂದರು. ಅತ್ತೆಯ ಧ್ವನಿ ಕೇಳಿದ ಜೂಲಿ ಮುಂಗಾಲಲ್ಲೇ ತೆವಳಿಕೊಂಡು ನಡುಮನೆಗೆ ಬಂತು. ಹುಡುಗನ ತಾಯಿಯ ಕಾಲ ಬಳಿಯೇ ಉಚ್ಚೆ ಹೋಯಿತು. ಅವರು ಸೆರಗು ಮೂಗಿಗೆ ಹಿಡಿದು ಎದ್ದರು. ಕಾಫಿ ಹಾಗೇ ಆರಿತು. ಜಾತಕ ಕೂಡಿಬರಲಿಲ್ಲ ಎಂದು ಮಾರನೇ ದಿನ ಫೋನು ಬಂತು.

“ಜಾತಕ ನೋಡ್ಕೊಂಡೇ ಅಲ್ವಾ ಬಂದಿದ್ದು?” ಅಂದಳು ಅಜ್ಜಿ.

ಅವತ್ತು ಸಂಜೆಯೂ ಅತ್ತೆ ಹುಣ್ಣಿಗೆ ಎಣ್ಣೆ ಹಚ್ಚಿದಳು. ಆದರೆ ಜೂಲಿಯ ಜೊತೆ ಮಾತಾಡಲಿಲ್ಲ.

ಮೇ ತಿಂಗಳಲ್ಲಿ ಜೆ.ಪಿ. ನಗರದ ಸಂಬಂಧ ಬಂತು. ಭಾನುವಾರ ಬರುತ್ತೇವೆ ಅಂದರು. ಶುಕ್ರವಾರ ಊಟದ ಹೊತ್ತಿಗೆ ಅತ್ತೆ ತಟ್ಟೆ ನೋಡುತ್ತಲೇ ಹೇಳಿದಳು: “ಅಣ್ಣ, ನಾಳೆ ಡಾಕ್ಟ್ರನ್ನ ಕರೆಸಿಬಿಡು. ಸಾಕು.”

ಅಮ್ಮ, “ಎರಡು ದಿನ ಯಾರ ಮನೇಲಾದ್ರೂ ಬಿಡೋಣ ಸುಮಾ,” ಅಂದಳು.

“ಆಮೇಲೆ? ಒಪ್ಪಿದ್ರೆ ಅವರು ಪದೇ ಪದೇ ಬರಲ್ವಾ ಅತ್ತಿಗೆ?”

ನಾನು ಏನಾಗುತ್ತೆ ಎಂದು ಕೇಳಿದೆ. “ನೋವು ಹೋಗೋ ಇಂಜೆಕ್ಷನ್ ಪುಟ್ಟಿ,” ಅಂದರು ಅಪ್ಪ.

ಶನಿವಾರ ಬೆಳಿಗ್ಗೆ ಜೂಲಿ ಎದ್ದು ನಿಂತಿತ್ತು. ಒಗೆಯುವ ಕಲ್ಲಿಗೆ ಮೈ ಆನಿಸಿ, ನಡುಗುತ್ತ, ಆದರೂ ನಿಂತಿತ್ತು. ಹಾಲು ಕಲಸಿದ ಅನ್ನವನ್ನು ತಟ್ಟೆ ನೆಕ್ಕಿ ಮುಗಿಸಿತು. ನಾನು ಓಡಿಹೋಗಿ ಎಲ್ಲರಿಗೂ ಹೇಳಿದೆ. ಯಾರಿಗೂ ಸಂತೋಷವಾಗಲಿಲ್ಲ.

ಡಾಕ್ಟರು ಬಂದು ಹುಣ್ಣು ನೋಡಿದರು. “ಊಟ ಮಾಡ್ತಿದೆಯಾ ಸಾರ್?”

“ಮಾಡ್ತಿದೆ,” ಅಂದರು ಅಪ್ಪ.

“ಹಾಗಾದ್ರೆ ಇನ್ನು ಸ್ವಲ್ಪ ದಿನ ನೋಡಬಹುದು. ನೋವಿಗೆ ಮಾತ್ರೆ ಕೊಡ್ತೀನಿ. ಊಟ ಬಿಟ್ಟಾಗ ಯೋಚನೆ ಮಾಡಿ.”

ಅಪ್ಪ ಅತ್ತೆಯ ಕಡೆ ನೋಡಿದರು.

“ಬೇಡ ಡಾಕ್ಟ್ರೇ. ಇವತ್ತೇ ಮಾಡಿಬಿಡಿ,” ಅಂದಳು ಅತ್ತೆ. “ನಾಳೆ ಮನೆಗೆ ಜನ ಬರ್ತಾರೆ.”

ಅಮ್ಮ ನನ್ನನ್ನು ಒಳಗೆ ಎಳೆದುಕೊಂಡಳು. ಅಡುಗೆಮನೆ ಕಿಟಕಿಯಿಂದ ಅತ್ತೆಯ ಬೆನ್ನು ಕಾಣುತ್ತಿತ್ತು. ಜೂಲಿಯ ತಲೆ ಅವಳ ಮಡಿಲಲ್ಲಿತ್ತು. ಸ್ವಲ್ಪ ಹೊತ್ತಿಗೆ ಡಾಕ್ಟರು ಕೈ ತೊಳೆಯಲು ನೀರು ಕೇಳಿದರು. ಅಪ್ಪ ಜೂಲಿಯನ್ನು ಗೋಣಿಯಲ್ಲಿ ಕಟ್ಟಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದರು. ಎಲ್ಲಿಗೆ ಎಂದು ಕೊನೆಗೂ ಹೇಳಲಿಲ್ಲ. ಅತ್ತೆ ಫಿನಾಯಿಲ್ ಹಾಕಿ ಹಿತ್ತಲನ್ನು ಉಜ್ಜಿ ಉಜ್ಜಿ ತೊಳೆದಳು. ಸಂಜೆ ಹುಬ್ಬು ತೀಡಿಸಿಕೊಳ್ಳಲು ಪಾರ್ಲರಿಗೆ ಹೋದಳು.

ಭಾನುವಾರ ಮನೆಯಲ್ಲಿ ಊದುಬತ್ತಿ, ಕೇಸರಿಬಾತಿನ ಘಮ. ಬಂದವರು ಎರಡನೇ ಸಲ ಬಡಿಸಿಕೊಂಡು ತಿಂದರು. “ಮನೆ ಎಷ್ಟು ಕ್ಲೀನಾಗಿ ಇಟ್ಕೊಂಡಿದೀರಿ,” ಅಂದರು ಹುಡುಗನ ತಾಯಿ. ಅತ್ತೆ ತಲೆ ತಗ್ಗಿಸಿ ನಕ್ಕಳು. ಕಾರ್ತಿಕದಲ್ಲಿ ಮದುವೆಯಾಯಿತು.

ಮದುವೆಗೂ ಮೊದಲು, ಮಳೆಗಾಲದಲ್ಲಿ ನನಗೆ ಜ್ವರ ಬಂದಿತ್ತು. ಕ್ಲಿನಿಕ್ಕಿನಲ್ಲಿ ಸೂಜಿ ಕಂಡವಳೇ ಅಪ್ಪನ ಕೈ ಕಚ್ಚಿಬಿಟ್ಟೆ. “ನಾನು ಊಟ ಮಾಡ್ತಿದೀನಿ ಅಪ್ಪ, ಬೆಳಿಗ್ಗೆನೂ ಮಾಡ್ದೆ,” ಎಂದು ಅಳುತ್ತಿದ್ದೆನಂತೆ. ಡಾಕ್ಟರು ನಕ್ಕರಂತೆ. ಅಪ್ಪ ನಗಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಯಾರೂ ಸಂಡಿಗೆ ಇಡುವುದಿಲ್ಲ. ಹಿತ್ತಲಿದ್ದ ಕಡೆ ಬಾಡಿಗೆ ಮನೆ ಎದ್ದಿದೆ. ಅತ್ತೆ ಜೆ.ಪಿ. ನಗರದಲ್ಲಿ ಸುಖವಾಗಿದ್ದಾಳೆ. ಮಾವ ಒಳ್ಳೆಯವರು. ಅವರ ಮಗಳು ನಾಯಿಮರಿ ಬೇಕೆಂದು ಎಷ್ಟು ಹಟ ಮಾಡಿದರೂ ಅತ್ತೆ ಒಪ್ಪಿಲ್ಲ. ಹೋದ ತಿಂಗಳು ನಾವಿಬ್ಬರೇ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ: “ಇನ್ನು ಸ್ವಲ್ಪ ದಿನ ಕಾದಿದ್ರೆ?”

“ಕಾದಿದ್ರೆ ಈ ಮನೆ ಇರ್ತಿರಲಿಲ್ಲ. ಮಗಳೂ ಹುಟ್ತಿರಲಿಲ್ಲ,” ಅಂದಳು. ಆಮೇಲೆ, “ಅವಕ್ಕೆ ಗೊತ್ತಾಗಲ್ಲ ಅಂತ ಎಲ್ಲರೂ ಹೇಳ್ತಾರೆ. ಸೂಜಿ ಹೋಗೋವಾಗ ಅದು ನನ್ನ ಮುಖಾನೇ ನೋಡ್ತಿತ್ತು ಕಣೆ,” ಅಂದಳು.

“ಅತ್ತೆ, ಬಿಡು.”

“ಬಾಲ ಅಲ್ಲಾಡಿಸ್ತು.”

ಆ ಬೇಸಿಗೆಯವರೆಗೆ ನಾನು ಸುಮತ್ತೆಯ ಪಕ್ಕದಲ್ಲೇ, ಅವಳ ಕೈ ಹಿಡಿದುಕೊಂಡೇ ಮಲಗುತ್ತಿದ್ದೆ. ಆ ಶನಿವಾರದ ಮೇಲೆ ಅಮ್ಮನ ಪಕ್ಕಕ್ಕೆ ಹೋದೆ. ಯಾಕೆ ಎಂದು ಸುಮತ್ತೆ ಒಮ್ಮೆಯೂ ಕೇಳಲಿಲ್ಲ.