ಬಾಡಿಗೆ ಕೊಟ್ಟು ತಂದ ಕಲ್ಲು

ಮೊನ್ನೆ ಮೊದಲ ಮಳೆಯ ಇರಚಲು ಬಾಲ್ಕನಿಗೆ ಹೊಡೆದು, ಹಳೆಯ ಪೇಪರುಗಳ ಮೇಲೆ ಹೇರಿಟ್ಟಿದ್ದ ಕಲ್ಲು ನೆನೆದುಹೋಯಿತು. ಎತ್ತಿ ಒಳಗಿಟ್ಟೆ. ಅಂಗೈಗೆ ಕಪ್ಪು ಹತ್ತಿತು, ಜೊತೆಗೆ ಒದ್ದೆ ಕಲ್ಲಿದ್ದಲಿನ ವಾಸನೆ. ಮುಷ್ಟಿಗಿಂತ ತುಸು ದೊಡ್ಡ ಕಲ್ಲು ಅದು. ಒಂದು ಮಗ್ಗುಲು ಹೊಳೆಯುವ ಕಪ್ಪು, ಇನ್ನೊಂದು ಮಗ್ಗುಲು ಬೂದು. ನೆರೂಳಿನ ಈ ಮೂರನೇ ಮಹಡಿಯಲ್ಲಿ ಆ ವಾಸನೆಗೆ ಏನೂ ಕೆಲಸವಿಲ್ಲ, ನಿಜ. ಆದರೂ ಕೈ ತೊಳೆಯದೆ ಬಹಳ ಹೊತ್ತು ನಿಂತಿದ್ದೆ. ಅದನ್ನು ನನಗೆ ಕೊಟ್ಟವಳು ಅವ್ವ.

ಹೆತ್ತ ತಾಯಿಯಲ್ಲ. ಕಲಬುರಗಿ ಕಡೆಯ ಹೆಣ್ಣುಮಗಳು. ಪವರ್ ಹೌಸಿನಲ್ಲಿ ಕಲ್ಲಿದ್ದಲಿನೊಳಗಿನ ಕಲ್ಲು ಆರಿಸುತ್ತಿದ್ದ ಹನ್ನೆರಡು ಹೆಂಗಸರಿಗೆ ಮುಂದಾಳು. ಲಾರಿ ಡ್ರೈವರಿನಿಂದ ಹಿಡಿದು ಇಂಜಿನಿಯರುಗಳವರೆಗೆ ಎಲ್ಲರ ಬಾಯಲ್ಲೂ ಅವಳು ಅವ್ವನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಉಡುಪಿಯಲ್ಲಿ ಬಿಎಸ್ಸಿ ಮುಗಿಸಿದ ನಾನು ಡೊಂಬಿವಲಿಯ ಚಾಳಿನಲ್ಲಿ ಚಿಕ್ಕಪ್ಪನ ಮನೆ ಸೇರಿದ್ದೆ. ಕಲ್ಯಾಣದ ಕಡೆ, ಹಿನ್ನೀರಿನ ಖಾಡಿಯ ದಡದಲ್ಲಿದ್ದ ಪವರ್ ಹೌಸಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಮಗ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡುತ್ತಾನೆಂದು ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಕೋಟು ಕೊಟ್ಟದ್ದು ಬಿಳಿಯದೇ. ಅದು ಬಿಳಿಯಾಗಿ ಉಳಿದದ್ದು ಒಂದು ದಿನ. ಕಲ್ಲಿದ್ದಲನ್ನು ಕುಟ್ಟಿ ಪುಡಿ ಮಾಡಿ, ಸುಟ್ಟು, ಉಳಿದ ಬೂದಿಯನ್ನು ತೂಗಿ ಬರೆಯುವುದು ನನ್ನ ಕೆಲಸ. ಬೂದಿ ಕಡಿಮೆಯಾದಷ್ಟೂ ಕಲ್ಲಿದ್ದಲು ಒಳ್ಳೆಯದು.

ಆ ಕಲ್ಲಿದ್ದಲು ಬರುತ್ತಿದ್ದದ್ದು ದೇಶದ ಆ ತುದಿಯಿಂದ, ರೈಲಿನಲ್ಲಿ. ರೈಲಿನ ಬಾಡಿಗೆ ತೂಕಕ್ಕೆ. ವ್ಯಾಗನ್ನಿನಲ್ಲಿರುವುದು ಕಲ್ಲಿದ್ದಲೋ ಬರೀ ಕಲ್ಲೋ, ಬಾಡಿಗೆ ಮಾತ್ರ ಒಂದೇ. ನಮ್ಮಷ್ಟು ದೂರ ತಲುಪುವಾಗ ಬಾಡಿಗೆಯೇ ಸರಕಿನ ಬೆಲೆಯನ್ನು ಹಿಂದೆ ಹಾಕುವ ಹಾಗಿರುತ್ತಿತ್ತು. ಕಲ್ಲು ಬಂತೆಂದರೆ ಗಣಿಗೂ ದುಡ್ಡು, ರೈಲಿಗೂ ದುಡ್ಡು, ಅರೆಯುವ ಯಂತ್ರದ ಹಲ್ಲು ಮುರಿದರೆ ಅದಕ್ಕೂ ದುಡ್ಡು, ಕೊನೆಗೆ ಬೂದಿಯನ್ನು ಹೊರಗೆ ಸಾಗಿಸಲಿಕ್ಕೂ ದುಡ್ಡು. ಕರೆಂಟಿನ ದರ ದೊಡ್ಡ ಆಫೀಸುಗಳಲ್ಲಿ ನಿಶ್ಚಯವಾಗುತ್ತದೆ ಎಂದೇ ನಾನು ನಂಬಿದ್ದೆ. ಅದರಲ್ಲೊಂದು ಪಾಲು ಅವ್ವನ ಬೆರಳ ತುದಿಯಲ್ಲಿ ನಿಶ್ಚಯವಾಗುತ್ತದೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು.

ಕಲ್ಲಿದ್ದಲನ್ನು ಹೊತ್ತ ಬೆಲ್ಟು ನಿಧಾನಕ್ಕೆ ಸಾಗುತ್ತಿತ್ತು. ಎರಡೂ ಬದಿಗೆ ಆರಾರು ಹೆಂಗಸರು, ಸೆರಗನ್ನು ಮೂಗಿಗೆ ಕಟ್ಟಿಕೊಂಡು. ಕಲ್ಲೂ ಕಪ್ಪು, ಕಲ್ಲಿದ್ದಲೂ ಕಪ್ಪು. ನನಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಅವ್ವ ಮಾತ್ರ ಪಕ್ಕದವಳ ಜೊತೆ ಬೀಗರ ಮನೆಯ ಸುದ್ದಿ ಹೇಳುತ್ತಲೇ, ಕಣ್ಣನ್ನೂ ಹಾಯಿಸದೆ, ಬೆರಳಿಗೆ ಭಾರ ತಾಗಿದ್ದನ್ನಷ್ಟೇ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು. ಪುಸ್ತಕ ಓದಿದಂಗ ಮಾತಾಡತೀರಿ ಎನ್ನುವಳು. ಅವಳ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ತಲೆ ಆಡಿಸುತ್ತಿದ್ದೆ.

ಹೀಗಿರುವಾಗ ಖರ್ಚು ಎಲ್ಲೆಲ್ಲಿ ಕಡಿಮೆ ಮಾಡಬಹುದು ತಿಳಿಸಿ ಎಂದು ಮೇಲಿನಿಂದ ಕಾಗದ ಬಂತು. ನಮ್ಮ ವಿಭಾಗದ ಟಿಪ್ಪಣಿ ಬರೆಯುವ ಭಾಗ್ಯ ನನ್ನ ಪಾಲಿಗೆ. ಉತ್ಸಾಹವೋ ಉತ್ಸಾಹ. ಮೂರು ತಿಂಗಳ ಲೆಕ್ಕ ತೆಗೆದು ನೋಡಿದೆ. ಬೂದಿ ಕಡಿಮೆ, ಕಲ್ಲಿನ ಸುಳಿವೇ ಇಲ್ಲ! ಕಲ್ಲಿದ್ದಲು ಉತ್ತಮವಾಗಿದೆ, ಆರಿಸುವ ಕೆಲಸಗಾರರ ಅಗತ್ಯ ಕಾಣುವುದಿಲ್ಲ ಎಂದು ಬರೆದು, ಕೆಳಗೆ ಚಂದದ ಸಹಿ ಹಾಕಿದೆ. ನಮ್ಮ ಮೇಲಧಿಕಾರಿ ಬೆನ್ನು ತಟ್ಟಿದರು. ಆ ಸಂಜೆ ಚಿಕ್ಕಪ್ಪನ ಮಕ್ಕಳಿಗೆ ಪೇಡೆ ಕೊಂಡೊಯ್ದೆ.

ವಾರದೊಳಗೆ ಹನ್ನೆರಡು ಹೆಂಗಸರಿಗೂ ಮುಂದಿನ ತಿಂಗಳಿಂದ ಬರುವುದು ಬೇಡ ಎಂಬ ಸುದ್ದಿ ಹೋಯಿತು. ಮರುದಿನ ಅವ್ವ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆಂದು ಹೆದರಿದ್ದೆ. ಬೈಯಲಿಲ್ಲ. ಪರೀಕ್ಷೆಗೆ ಕಲ್ಲಿದ್ದಲನ್ನು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು, ಅಷ್ಟೆ. ಬೆಲ್ಟು ಮುಗಿದು ಕೆಳಗೆ ಬೀಳುವ ಕಡೆಯಿಂದ ಎಂದೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

"ಹಸನ ಮಾಡಿದ ಜ್ವಾಳದಾಗ ಕಲ್ಲು ಹುಡುಕಿದ್ರ ಹ್ಯಾಂಗ ಸಿಗತಾವ್ರಿ ಸಾಹೇಬ್ರ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಆರಿಸಿ ಶುದ್ಧ ಮಾಡಿ ಬಿಟ್ಟದ್ದನ್ನು ನಾನು ತೂಗಿ, ಆರಿಸುವವರೇ ಬೇಡ ಎಂದು ಬರೆದಿದ್ದೆ. ಅವರ ಕೆಲಸ ಚೊಕ್ಕವಾಗಿದ್ದದ್ದೇ ಅವರಿಗೆ ಮುಳುವಾಗಿತ್ತು. ಹನ್ನೆರಡು ಮನೆಗಳ ಒಲೆ ನನ್ನ ಒಂದು ಸಹಿಯ ಕೆಳಗೆ ಬಂದು ಕುಳಿತಿತ್ತು.

ಮೇಲಧಿಕಾರಿಯ ಹತ್ತಿರ ಓಡಿದೆ. ಟಿಪ್ಪಣಿ ಹೋಗಿಯಾಗಿದೆ, ದೊಡ್ಡ ಸಾಹೇಬರು ಎಂಟು ದಿನದಲ್ಲಿ ಇಲ್ಲಿಗೇ ಬರುತ್ತಾರೆ, ತಪ್ಪಾಯಿತೆಂದು ನೀನೇ ಹೇಳಿಕೋ ಎಂದು ಅವರು ಕೈ ತೊಳೆದುಕೊಂಡರು. ನಾನು ಬೆಲ್ಟಿಗೆ ಬೀಳುವ ಮೊದಲಿನ ಕಲ್ಲಿದ್ದಲನ್ನೂ ಬೆಲ್ಟು ಮುಗಿದ ಮೇಲಿನದನ್ನೂ ತಂದು ಬೇರೆಬೇರೆ ಸುಟ್ಟು ತೂಗತೊಡಗಿದೆ. ಸಾಹೇಬರು ನನ್ನ ಅಂಕಿಗಳನ್ನು ಓದುತ್ತಾರೋ ಇಲ್ಲವೋ ಎಂದು ಅವ್ವನ ಮುಂದೆ ಹಲುಬಿದೆ. ಓದದಿದ್ದರೂ ಕಣ್ಣಂತೂ ಇರುತ್ತದಲ್ಲ ಎಂದಳು ಅವ್ವ.

ಆರಿಸಿದ ಕಲ್ಲನ್ನು ದಿನಾ ಸಂಜೆ ಲಾರಿ ಒಯ್ದು ಖಾಡಿಯ ತಗ್ಗಿಗೆ ಸುರಿಯುತ್ತಿತ್ತು. ಹಾಗಾಗಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವ್ವ ಡ್ರೈವರಿಗೆ ಅದೇನು ಹೇಳಿದಳೋ... ಅಂದಿನಿಂದ ಲಾರಿ ಕಲ್ಲನ್ನು ಆಫೀಸಿನ ಹಿಂದೆ, ಜೀಪು ನಿಲ್ಲುವ ಜಾಗದಲ್ಲಿ ಸುರಿಯತೊಡಗಿತು. ಎಂಟು ದಿನಕ್ಕೆ ಅದೊಂದು ಸಣ್ಣ ಗುಡ್ಡವೇ ಆಯಿತು. ನಮ್ಮ ಮೇಲಧಿಕಾರಿ ಅತ್ತ ತಲೆ ಹಾಕಿದ್ದು ಸಾಹೇಬರು ಬರುವ ಬೆಳಿಗ್ಗೆ. ತೆಗೆಸಲು ಹೊತ್ತಿಲ್ಲ. ಸಾಹೇಬರು ಬರುತ್ತಾರೆಂದರೆ ಅಲುಗಾಡದ್ದಕ್ಕೆಲ್ಲ ಸುಣ್ಣ ಬಳಿಯುವುದು ನಮ್ಮಲ್ಲಿ ರೂಢಿ. ಪಾಪ, ಗಾಬರಿಯಲ್ಲಿ ಅವರು ಆ ಗುಡ್ಡದ ಸುತ್ತಲೂ ಸುಣ್ಣದ ಗೆರೆ ಎಳೆಸಿಬಿಟ್ಟರು. ಅವ್ವನ ಗುಂಪಿನ ಯಾರೋ ಮೇಲೊಂದು ಚೆಂಡುಹೂವನ್ನೂ ಸಿಕ್ಕಿಸಿದರು. ಈಗ ಅದು ಪವರ್ ಹೌಸಿನ ಅತ್ಯಂತ ಮುಖ್ಯ ವಸ್ತುವಿನ ಹಾಗೆ ಕಾಣುತ್ತಿತ್ತು.

ಸಾಹೇಬರು ಜೀಪಿನಿಂದ ಇಳಿದವರು ಮೊದಲು ಕಂಡದ್ದೇ ಅದನ್ನು. ಈ ಕಲ್ಲನ್ನು ಇಲ್ಲಿಗೆ ತಂದವರು ಯಾರು ಎಂದು ಹಿಂದಿಯಲ್ಲಿ ಗುಡುಗಿದರು. ಬೆಲ್ಟಿನ ಕಡೆಯಿಂದ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ರೇಲ್ ಲಾಯಿ ಸಾಬ್," ಎಂದಳು ತನ್ನ ಕಲಬುರಗಿಯ ಹಿಂದಿಯಲ್ಲಿ. "ಭಾಡಾ ತುಮೀಚ್ ದಿಯೇ."

ತಂದದ್ದು ರೈಲು, ಬಾಡಿಗೆ ಕೊಟ್ಟದ್ದು ನೀವೇ. ಸಾಹೇಬರು ಗುಡ್ಡವನ್ನು ನೋಡಿದರು, ಸುಣ್ಣದ ಗೆರೆಯನ್ನು ನೋಡಿದರು, ಹೂವನ್ನು ನೋಡಿದರು. ನಾನು ನನ್ನ ಎರಡು ಬಟ್ಟಲು ಬೂದಿಯನ್ನು ಮುಂದೆ ಹಿಡಿದು, ತಪ್ಪು ನನ್ನದು ಎಂದು ಹೇಗೋ ಹೇಳಿ ಮುಗಿಸಿದೆ. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತ ನಗುತ್ತಲೇ ಹೆಂಗಸರು ಇರಲಿ ಎಂದರು, ಪರೀಕ್ಷೆಯ ಕಲ್ಲಿದ್ದಲನ್ನು ಇನ್ನು ಮುಂದೆ ವ್ಯಾಗನ್ನಿನಿಂದಲೇ ತೆಗೆಯಿರಿ ಎಂದರು, ಗಣಿಯವರಿಗೆ ಕಾಗದ ಬರೆಯಲು ಹೇಳಿದರು. ಗುಡ್ಡವನ್ನು ಏನು ಮಾಡಲಿ ಎಂದು ಮೇಲಧಿಕಾರಿ ಕೇಳಿದಾಗ ಅವ್ವ ನಮಗೆ ಕೊಡಿ ಎಂದಳು.

ರೈಲು ಹಳಿಯಾಚೆಯ ಅವರ ಗುಡಿಸಲುಗಳ ವಸ್ತಿಯಲ್ಲಿ ಆ ಕಲ್ಲಿನಿಂದ ಒಂದು ಕಟ್ಟೆ ಎದ್ದಿತು. ದೇಶ ದಾಟಿ ಬಂದ ಕಲ್ಲು, ಕಲ್ಲಿದ್ದಲಿನ ಬೆಲೆಯದ್ದು. ಹನ್ನೆರಡೂ ಹೆಂಗಸರು ಅದರ ಮೇಲೆ ಕುಳಿತು ಮಹಾರಾಣಿಯರ ಹಾಗೆ ನಗುತ್ತಿದ್ದರು. ನನ್ನನ್ನೂ ಕೂರಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಅನ್ನ ಉಂಡು ಬೆಳೆದ ನನ್ನ ದವಡೆಯ ಪಾಡು ನೋಡಿ ಮತ್ತೂ ನಕ್ಕರು. ಅಷ್ಟು ಹಗುರವಾಗಿ ನಾನು ಮತ್ತೆಂದಾದರೂ ನಕ್ಕಿದ್ದೇನೆಯೇ... ನೆನಪಾಗುತ್ತಿಲ್ಲ.

ಅಲ್ಲಿಯೇ ಅವ್ವ ಈ ಕಲ್ಲನ್ನು ನನ್ನ ಕೈಗಿಟ್ಟದ್ದು. ತನ್ನ ಬೆರಳಿಗೂ ಮೋಸ ಮಾಡಿದ್ದು ಇದೊಂದೇ ಎಂದಳು.

"ಇದು ಕಲ್ಲೋ, ಕಲ್ಲಿದ್ದಲೋ? ನೀನ ಹೇಳು ತಮ್ಮಾ. ಬಾಡಿಗಿ ಕೊಟ್ಟು ತರೂವಂಥಾದ್ದಿದ್ರ ಕಲ್ಲಿದ್ದಲ. ಇಲ್ಲಾಂದ್ರ ಕಲ್ಲು."

ಅವಳ ಬಾಯಲ್ಲಿ ನಾನು ಸಾಹೇಬ್ರ ಹೋಗಿ ತಮ್ಮ ಆಗಿದ್ದೆ. ಪರೀಕ್ಷೆ ಮಾಡಿ ಹೇಳುತ್ತೇನೆ ಎಂದೆ. ಪರೀಕ್ಷೆಯೆಂದರೆ ಕುಟ್ಟಿ ಸುಡಬೇಕು. ಮನಸ್ಸು ಬರಲಿಲ್ಲ. ಅವ್ವ ಎದುರಾದಾಗಲೆಲ್ಲ ಹುಬ್ಬು ಹಾರಿಸಿ ಕೇಳುವಳು, ನಾನು ನಾಳೆ ಎನ್ನುವೆ. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ನನಗೆ ಬೇರೆ ಕೆಲಸ ಸಿಕ್ಕಿ ವಾಶಿಗೆ ಹೊರಟುಬಿಟ್ಟೆ. ಹೇಳಿ ಹೊರಡಬೇಕಿತ್ತು. ಆ ದಿನ ಅವಳು ರಜೆಯಲ್ಲಿದ್ದಳು, ನಾಳೆ ಬರೋಣ ಎಂದುಕೊಂಡೆ. ಬಹಳ ವರ್ಷಗಳ ಮೇಲೆ ಹುಡುಕಿಕೊಂಡು ಹೋದಾಗ ಪವರ್ ಹೌಸು ಮುಚ್ಚಿತ್ತು, ವಸ್ತಿಯ ಜಾಗದಲ್ಲಿ ಏಳು ಮಹಡಿಯ ಹೌಸಿಂಗ್ ಸೊಸೈಟಿ ನಿಂತಿತ್ತು. ಕಟ್ಟೆಯ ಒಂದು ಕಲ್ಲೂ ಕಾಣಲಿಲ್ಲ. ಅವ್ವ ಎಂದರೆ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ಮೊನ್ನೆ ಕಪ್ಪು ಕೈಯಲ್ಲಿ ನಿಂತ ನನ್ನನ್ನು ಕಂಡು ಹೆಂಡತಿ ಏನಾಯಿತೆಂದು ಕೇಳಿದಳು. ಇಷ್ಟು ವರ್ಷ ಅವಳ ಪಾಲಿಗೆ ಅದು ಪೇಪರಿನ ಮೇಲಿಡುವ ಕಲ್ಲು, ಅಷ್ಟೇ. ಎಲ್ಲವನ್ನೂ ಹೇಳಿದೆ, ಅವ್ವನ ಪ್ರಶ್ನೆಯನ್ನೂ. ಅವಳು ಕಲ್ಲನ್ನು ತೆಗೆದುಕೊಂಡು ಕೈಯಲ್ಲಿ ತೂಗಿ ನೋಡಿದಳು.

"ಅಲ್ಲ ಮಾರಾಯ್ರೆ, ಡೊಂಬಿವಲಿಯಿಂದ ವಾಶಿಗೆ, ವಾಶಿಯಿಂದ ನೆರೂಳಿಗೆ, ಎರಡು ಸಲವೂ ಟೆಂಪೋಗೆ ಬಾಡಿಗೆ ಕೊಟ್ಟು ಇದನ್ನು ತಂದದ್ದು ಯಾರು?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹಾಗಾದರೆ ಇದು ಕಲ್ಲಿದ್ದಲೇ, ಅವ್ವಾ, ಕಲ್ಲಲ್ಲ. ಇಷ್ಟು ಸುಲಭದ ಉತ್ತರ. ಈಗ ಹೋಗಿ ಹೇಳೋಣವೆಂದರೆ ಅವಳಿಲ್ಲ.