ಎಣ್ಣೆ ಕೊಡದ ಡಾಕ್ಟ್ರಮ್ಮ

ಎಲ್ಲಿ ನೋವು ಎಂದು ಶೈಲಜಾ ಡಾಕ್ಟ್ರು ಮೊದಲು ಕೇಳುತ್ತಲೇ ಇರಲಿಲ್ಲ. ಸೊಂಟ ಹಿಡಿದುಕೊಂಡು ಬಂದವರನ್ನೂ ಮಂಡಿ ಮಡಚಲಾಗದೆ ಮೆಟ್ಟಿಲಲ್ಲೇ ಕೂತವರನ್ನೂ ಒಂದೇ ಮಾತು ಕೇಳುತ್ತಿದ್ದರು: "ನಾಳೆ ಎಂತ ಕೆಲಸ ಉಂಟು?" ಕಳೆ ತೆಗೆಯಬೇಕು, ಮೂಟೆ ಹೊರಬೇಕು ಎಂದರೆ ಅವರ ಮುಖ ಬಿಗಿಯುತ್ತಿತ್ತು. "ಹಾಗಾದ್ರೆ ನನ್ನ ಹತ್ರ ಯಾಕೆ ಬಂದ್ರಿ?" ಎನ್ನುತ್ತಿದ್ದರು. ಅಷ್ಟಕ್ಕೇ ಎದ್ದು ಹೋದವರು ನಮ್ಮ ಹುದಿಕೇರಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಅಮ್ಮ ಎದ್ದು ಹೋಗಲಿಲ್ಲ. ಸರಕ್ಕನೆ ಎದ್ದು ಹೋಗುವ ಶಕ್ತಿ ಅವಳ ಕಾಲಲ್ಲಿ ಇರಲಿಲ್ಲ.

ಡಾಕ್ಟ್ರು ಮಡಿಕೇರಿ ಕಡೆಯ ಅರ್ಚಕರ ಮನೆಯವರು. ಆಯುರ್ವೇದ ಓದಿ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದು ಕ್ಲಿನಿಕ್ ಇಟ್ಟಿದ್ದರು. ನಯವಾದ ಮಾತು ಅವರಿಗೆ ಬರುತ್ತಿರಲಿಲ್ಲ. ರೋಗಿಗಳಿಗೆಲ್ಲ ಕಾಫಿ ಕುಡಿಯುವುದು ಬಿಡಿ ಎನ್ನುತ್ತಿದ್ದ ಅವರು ಸ್ವತಃ ದಿನವಿಡೀ ಸಕ್ಕರೆಯಿಲ್ಲದ ಕಪ್ಪು ಕಾಫಿ ಕುಡಿಯುತ್ತಿದ್ದರು. ಯಾರಾದರೂ ಆ ಮಾತು ತೆಗೆದರೆ, "ನಂಗೆ ಗಂಟು ನೋವಿಲ್ಲ" ಎಂದು ಲೋಟ ಎತ್ತಿಕೊಳ್ಳುತ್ತಿದ್ದರು.

ಅಮ್ಮ ಹುಡುಗಿಯಾಗಿದ್ದಾಗಿನಿಂದ ಎಸ್ಟೇಟಿನಲ್ಲಿ ಕಾಫಿ ಕುಯ್ದವಳು. ನಾವಿದ್ದದ್ದು ಎಸ್ಟೇಟಿನವರು ಆಳುಗಳಿಗೆ ಕೊಟ್ಟ ಲೈನ್‌ಮನೆಯಲ್ಲಿ; ಅವಳು ಕೆಲಸ ಬಿಟ್ಟರೆ ಮನೆಯೂ ಹೋಗುತ್ತಿತ್ತು. ನಾನು ಆಗ ಪ್ರೈಮರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಬೇಸಿಗೆ ರಜೆ ಬಂದರೆ ನನಗೂ ಕೆಲಸವಿಲ್ಲ. ಬೆಳಿಗ್ಗೆ ಎದ್ದಾಗ ಅಮ್ಮನ ಬೆರಳುಗಳು ಊದಿರುತ್ತಿದ್ದವು; ಲೋಟ ಹಿಡಿಯಲಾಗದೆ ಎರಡೂ ಅಂಗೈ ನಡುವೆ ಒತ್ತಿಕೊಂಡು ಕುಡಿಯುತ್ತಿದ್ದಳು.

ಡಾಕ್ಟ್ರು ಅವಳ ಬೆರಳ ಗಂಟುಗಳನ್ನು ಮುಟ್ಟಿ ನೋಡಿದರು. ನಾಲಿಗೆ ನೋಡಿದರು. ಹಸಿವಾಗುತ್ತದೆಯೇ ಎಂದು ಕೇಳಿದರು. "ಇದು ಆಮವಾತ, ಗಂಟು ಊದುವ ವಾತ. ಎಣ್ಣೆ ಮುಟ್ಟಿಸಬೇಡಿ, ಹಚ್ಚಿದ್ರೆ ಊತ ಜಾಸ್ತಿ ಆಗ್ತದೆ" ಎಂದರು. ಹೊಳೆ ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಒಣ ಶಾಖ ಕೊಡಬೇಕು. ಒಣಶುಂಠಿ ಕಷಾಯ ಕುಡಿಯಬೇಕು. ಮೊಸರು, ಉದ್ದು ಬಿಡಬೇಕು. ಹುರುಳಿ ಸಾರು, ಗಂಜಿ ಸಾಕು. ರಕ್ತಪರೀಕ್ಷೆ ಮಾಡಿಸಿ, ದೊಡ್ಡಾಸ್ಪತ್ರೆಯಲ್ಲೂ ತೋರಿಸಿ ಎಂದು ಅವರೇ ಕಳುಹಿಸಿದರು. ಅಲ್ಲಿ ಕೊಟ್ಟ ಮಾತ್ರೆಯನ್ನು ಬಿಡಬಾರದೆಂದು ಗದರಿದರು. ಅಮ್ಮನಿಗೆ ಇದೆಲ್ಲ ಒಪ್ಪಿಗೆಯಾಗಲಿಲ್ಲ.

"ಎಣ್ಣೆ ಕೊಡದೆ ಇರೋದು ಎಂತ ಆಯುರ್ವೇದ? ಮರಳು ಹುರಿಲಿಕ್ಕೆ ಇವರ ಹತ್ರ ಹೋಗಬೇಕಿತ್ತಾ?" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಊತ ಇಳಿಯಿತು. ಅಮ್ಮ ತಾನೇ ಜಡೆ ಹಾಕಿಕೊಂಡಳು. ಅಷ್ಟರಲ್ಲಿ ಕಾಫಿ ಪಿಕ್ಕಿಂಗ್ ಶುರುವಾಯಿತು. ಹಾಜರಿ ಬರೆಯುವ ಎಸ್ಟೇಟಿನ ರೈಟರ್ ಬಂದು ಬಾಗಿಲಲ್ಲಿ ನಿಂತ, ಅಮ್ಮ ಹೊರಟಳು. ಮಂಜು ಬಿದ್ದ ಗಿಡಗಳ ನಡುವೆ ಕೆಲವೇ ದಿನ ಕಳೆದಿದ್ದವು, ಮತ್ತೆ ಲೋಟ ಹಿಡಿಯಲಾಗದ ಸ್ಥಿತಿ.

ಡಾಕ್ಟ್ರು ಅಮ್ಮನನ್ನು ಬಯ್ಯಲಿಲ್ಲ. ಬಾಗಿಲು ಹಾಕಿಕೊಂಡು ನೇರ ಎಸ್ಟೇಟ್ ಸಾಹುಕಾರರ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಅಮ್ಮನಿಗೆ ಕಣದಲ್ಲಿ ಕೂತು ಕಾಫಿ ಆರಿಸುವ ಕೆಲಸ ಕೊಡಿ ಎಂದು ಕೇಳಿದರು. ಸಾಹುಕಾರರು ಮರ್ಯಾದೆಯಿಂದ ಕೂರಿಸಿ, "ನೋಡುವ ಡಾಕ್ಟ್ರೇ" ಎಂದರು. ಎಂತದೂ ಆಗಲಿಲ್ಲ. ಆಮೇಲೆ ಅದೇ ಸಾಹುಕಾರರಿಗೆ ಸೊಂಟ ಹಿಡಿದು ಅವರೇ ಡಾಕ್ಟ್ರನ್ನು ಮನೆಗೆ ಕರೆಸಿದರು. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಚಿಕಿತ್ಸೆ. ತಿಂಗಳು ಕಳೆಯುವುದರೊಳಗೆ ಸಾಹುಕಾರರು ಗಾಲ್ಫ್ ಆಡಲು ಹೋದರು. ಡಾಕ್ಟ್ರಿಗೆ ಊರವರೆದುರು ಶಾಲು ಹೊದಿಸಿದರು.

ಮರುದಿನ ಆ ಶಾಲು ಕ್ಲಿನಿಕ್ಕಿನ ಕಿಟಕಿಗೆ ಪರದೆಯಾಗಿತ್ತು. ನಾನು ನೋಡಿದ್ದನ್ನು ಕಂಡು ಡಾಕ್ಟ್ರು ಹೇಳಿದರು: "ಅವರು ತಿಂಗಳು ಮಲಗಿದ್ರು ಟೀಚರೇ. ಮಲಗಿದ್ದಕ್ಕೆ ವಾಸಿಯಾಯ್ತು. ನಿಮ್ಮಮ್ಮನಿಗೆ ನಾನು ಮಲಗುವುದನ್ನು ಎಲ್ಲಿಂದ ತಂದು ಕೊಡಲಿ?"

ಆ ವರ್ಷವೇ ಸಂತೆಗೆ ಗಂಟುನೋವಿನ ಪುಡಿ ಮಾರುವವನೊಬ್ಬ ಬರತೊಡಗಿದ. ಹಣೆಗೆ ಗಂಧ, ಕೊರಳಿಗೆ ರುದ್ರಾಕ್ಷಿ, ಅಮ್ಮಾ ಅಕ್ಕಾ ಎಂಬ ಮಾತು. ಪಥ್ಯವಿಲ್ಲ, ವಿಶ್ರಾಂತಿ ಬೇಡ, ಬೆಳಿಗ್ಗೆ ಸಂಜೆ ಒಂದು ಚಿಟಿಕೆ. ಅಮ್ಮ ಆಸ್ಪತ್ರೆಯ ಮಾತ್ರೆ ಬಿಟ್ಟು ಅದನ್ನು ಹಿಡಿದಳು. ವಾರದೊಳಗೆ ನೀರಿನ ಬಿಂದಿಗೆ ಎತ್ತಿದಳು. ಲೈನಿನವರೆಲ್ಲ ಪುಡಿ ತಂದರು.

ಒಂದೆರಡು ತಿಂಗಳ ಮೇಲೆ ಸುದ್ದಿ ತಿಳಿದು ಡಾಕ್ಟ್ರು ನಮ್ಮ ಮನೆಗೇ ಬಂದರು. ಅಮ್ಮನ ಮುಖ ಆಗಲೇ ದುಂಡಗಾಗಿತ್ತು. ಎಲ್ಲರೂ ಅದನ್ನು ಆರೋಗ್ಯ ಎನ್ನುತ್ತಿದ್ದರು. ಡಾಕ್ಟ್ರು ಆ ಕೆನ್ನೆಗಳನ್ನೇ ದಿಟ್ಟಿಸಿ ನೋಡಿ ಹೇಳಿದರು: "ಸುಶೀಲಕ್ಕ, ನಮ್ಮ ಯಾವ ಬೇರಿಗೂ ವಾರದಲ್ಲಿ ಹೀಗೆ ನೋವು ಇಳಿಸ್ಲಿಕ್ಕೆ ಆಗುದಿಲ್ಲ. ಇದರಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಹಾಕಿದ್ದಾರೆ. ಮೂಳೆ ತಿಂದುಬಿಡ್ತದೆ. ಏಕಾಏಕಿ ನಿಲ್ಲಿಸಲೂಬೇಡಿ, ನನ್ನ ಜೊತೆ ಆಸ್ಪತ್ರೆಗೆ ಬನ್ನಿ."

ಅಮ್ಮ ಒಲೆ ಮುಂದಿನಿಂದ ಏಳಲಿಲ್ಲ. "ನಿಮ್ಮ ಕೈಲಿ ಆಗದ್ದು ಅವರ ಕೈಲಿ ಆಯ್ತಲ್ಲ ಡಾಕ್ಟ್ರೇ. ಅದು ನಿಮಗೆ ಸಹಿಸುದಿಲ್ಲ."

ಡಾಕ್ಟ್ರು ಚಪ್ಪಲಿ ಹಾಕಿಕೊಂಡು ಹೋದರು. ಪುಡಿಯನ್ನು ಪರೀಕ್ಷೆಗೆ ಕಳಿಸಿ ಎಂದು ಅಧಿಕಾರಿಗಳ ಹತ್ತಿರ ಓಡಾಡಿದರು. ಯಾರೂ ಸಂತೆಗೆ ಬರಲಿಲ್ಲ. ಊರಲ್ಲಿ ಮಾತ್ರ ಡಾಕ್ಟ್ರಮ್ಮನಿಗೆ ಹೊಟ್ಟೆಕಿಚ್ಚು ಎಂಬ ಮಾತು ನಿಂತಿತು. ಕ್ಲಿನಿಕ್ಕಿನ ಬೆಂಚು ಖಾಲಿ ಬಿತ್ತು. ಒಂದು ದಿನ ಬೋರ್ಡೂ ಇರಲಿಲ್ಲ.

ಪುಡಿ ಹಿಡಿದ ಎರಡನೇ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಸುಮ್ಮನೆ ಜಾರಿ ಕೂತಳು, ಅಷ್ಟಕ್ಕೇ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿದವರು ಮೂಳೆಯ ಎಕ್ಸ್‌ರೇ ತೋರಿಸಿ ಎಂತ ಔಷಧಿ ತಿನ್ನುತ್ತಿದ್ದರು ಎಂದು ಕೇಳಿದರು. ನಾನು ಹೇಳಿದೆ. ಪುಡಿಯವನು ಅಷ್ಟು ಹೊತ್ತಿಗೆ ಬೇರೆ ಸಂತೆಗಳಿಗೆ ಹೋಗಿಯಾಗಿತ್ತು.

ಶೈಲಜಾ ಡಾಕ್ಟ್ರು ಕಕ್ಕಬೆಯ ಒಂದು ರೆಸಾರ್ಟಿನಲ್ಲಿದ್ದಾರೆ ಎಂದು ತಿಳಿದು ಹುಡುಕಿಕೊಂಡು ಹೋದೆ. ಅಲ್ಲಿನವರು ನನ್ನನ್ನು ಸೇವಕರ ಬಾಗಿಲಲ್ಲಿ ಕಾಯಿಸಿದರು. ಡಾಕ್ಟ್ರು ಹೊರಬಂದರು: ಹಸಿರು ಸಮವಸ್ತ್ರ, ಎದೆಗೆ ಹೆಸರಿನ ಪಟ್ಟಿ, ಮೊಣಕೈವರೆಗೂ ಎಣ್ಣೆ. ಟ್ರೆಕ್ಕಿಂಗ್ ಮುಗಿಸಿ ಬಂದವರ ಕಾಲು ತಿಕ್ಕುವ ಹೆಂಗಸರಿಗೆ ಮೇಲ್ವಿಚಾರಕಿಯಾಗಿದ್ದರು. ಅಮ್ಮನ ಸ್ಥಿತಿ ಹೇಳಿದೆ. ಆಸ್ಪತ್ರೆಯವರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಅವರು ಹೇಳಿದ ಹಾಗೆ ನಿಧಾನವಾಗಿ ಇಳಿಸುತ್ತಾ ಬನ್ನಿ, ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುತ್ತಿರಿ, ಎಂದರು. "ನಾನು ಅವತ್ತೇ ಹೇಳಿದ್ದೆ" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ.

"ನೀವೊಮ್ಮೆ ಬಂದು ನೋಡ್ತೀರಾ ಡಾಕ್ಟ್ರೇ?" ಎಂದೆ.

"ಇಲ್ಲ ಟೀಚರೇ. ನಂಗೆ ಆ ಬಾಗಿಲಿಗೆ ಮತ್ತೆ ಬರ್ಲಿಕ್ಕೆ ಆಗುದಿಲ್ಲ." ಒಳಗಿನಿಂದ ಯಾರೋ ಕರೆದರು, ಹೋದರು. ಮತ್ತೆ ನಾನು ಅವರನ್ನು ಕಂಡಿಲ್ಲ. ಈಗ ಅಲ್ಲಿಯೂ ಇಲ್ಲವಂತೆ.

ಅವತ್ತು ಸಂಜೆ ಮನೆಗೆ ಬಂದು ಅಮ್ಮನ ಮಗ್ಗುಲು ತಿರುಗಿಸುತ್ತಾ ಡಾಕ್ಟ್ರನ್ನು ನೋಡಿ ಬಂದೆ ಎಂದೆ. ಅವಳು ಗೋಡೆ ಕಡೆ ಮುಖ ಮಾಡಿದಳು. ಆಮೇಲೆ ಕೇಳಿದಳು: "ಆ ಪುಡಿ ಕೊಡುವವರು ಈಗ ಯಾವ ಸಂತೆಗೆ ಹೋಗ್ತಾರಂತೆ, ವಿಚಾರಿಸಿದ್ಯಾ?"